ಭಾನುವಾರ ಮಧ್ಯಾಹ್ನದ ಬಾಂಬ್ ದಾಳಿ

ಕೊಡಿಗೇಹಳ್ಳಿಯಲ್ಲಿ ಬಾಡಿಗೆಗಿದ್ದ ಆರು ವರ್ಷಗಳಲ್ಲಿ ಹೆಬ್ಬಾಳ ಕೆರೆಯ ಆಸುಪಾಸಿನಲ್ಲಿ ಎಷ್ಟು ಸಲ ಬಾಂಬು ಬಿದ್ದಿತೋ ನನಗೇ ನೆನಪಿಲ್ಲ. ಹಾಕಿದವರು ನಮ್ಮ ಮನೆ ಮಾಲೀಕರ ತಮ್ಮ. ಎಲ್ಲವೂ ರಾತ್ರಿ ದಾಳಿಗಳೇ. ಆದರೆ ನಡೆಯುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಊಟ ಮುಗಿದ ಮೇಲೆ. ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲು ಹಾಕಿ, ಟಾರ್ಚಿನ ಗಾಜಿಗೆ ಕೆಂಪು ಹಾಳೆ ಸುತ್ತಿ ನಾವಿಬ್ಬರು ನೆಲದ ಮೇಲೆ ಕೂತಿರುತ್ತಿದ್ದೆವು. ಹೊರಗೆ ರಾಗಿ ಒಣಹಾಕಿ ಕಾವಲು ಕೂತ ಮಾಲೀಕರ ಹೆಂಡತಿಗೆ ಇದೊಂದು ದೊಡ್ಡ ಒಗಟಾಗಿತ್ತು. ‘ಆಡಗಲಲ್ಲಿ ಬಾಗ್ಲು ಆಕ್ಕೊಂಡು ಅದೇನ್ ಮಾಡ್ತವೋ ಇವೆರಡು’ ಎಂದು ಅವರು ಪಕ್ಕದ ಮನೆಯವರಿಗೆ ಹೇಳುವುದು ಒಳಗೆ ಚೆನ್ನಾಗಿ ಕೇಳಿಸುತ್ತಿತ್ತು.

ನಾನು ಗದಗಿನ ಕಡೆಯವನು. ಎಪ್ಪತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟ್ರೇಸರ್ ಕೆಲಸ ಸಿಕ್ಕಿ ಬಂದೆ. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಶಾಯಿಯಲ್ಲಿ ಅದನ್ನೇ ತಿದ್ದಿ ಬರೆಯುವುದು ನನ್ನ ಕೆಲಸ. ಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ನನಗೆ ಊಟ ಸೇರುತ್ತಿರಲಿಲ್ಲ. ಬೇರೆಯವರ ತಪ್ಪು ಕಂಡರಂತೂ ಕೈ ತುರಿಸುತ್ತಿತ್ತು. ನಮ್ಮ ವಿಭಾಗದಲ್ಲಿ ಒಂದು ರೂಢಿ ಇತ್ತು: ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬಾಯಿ ಬಿಡದೆ ತಪ್ಪು ಮಾಡಿದವನ ಮುಂದೆ ಹಿಡಿಯುವುದು. ಈ ಕೆಲಸವನ್ನು ನಾನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಆದ್ದರಿಂದ ಕಾರ್ಖಾನೆಯಲ್ಲಿ ನನಗೆ ಸ್ನೇಹಿತರು ಅಂತ ಯಾರೂ ಇರಲಿಲ್ಲ.

ವಾರದ ಆರು ದಿನ ಹೇಗೋ ಕಳೆಯುತ್ತಿದ್ದವು. ಭಾನುವಾರ ಬಂದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಬೆಳಿಗ್ಗೆ ಬಟ್ಟೆ ಒಗೆದು, ಸ್ಟವ್ ಪಂಪು ಮಾಡಿ ಅನ್ನ ಬೇಯಿಸಿಕೊಂಡು ಉಂಡರೆ ಹನ್ನೊಂದು ಗಂಟೆ. ಅಲ್ಲಿಂದ ಸೋಮವಾರದವರೆಗೆ ಯಾರ ಜೊತೆಗೂ ಒಂದು ಮಾತಿಲ್ಲ. ಒಂದು ಸೋಮವಾರ ಬಸ್ಸಿನಲ್ಲಿ ಕಂಡಕ್ಟರನಿಗೆ ‘ಯಶವಂತಪುರ’ ಎನ್ನಲು ಹೋಗಿ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಭಾನುವಾರ ಪೂರ್ತಿ ನಾನು ಬಾಯಿ ತೆರೆದಿರಲಿಲ್ಲ ಎಂದು ಆಗ ಹೊಳೆಯಿತು. ನಾಚಿಕೆಯಾಯಿತು, ಯಾರ ಮುಂದೆ ಎಂದು ಮಾತ್ರ ಗೊತ್ತಿಲ್ಲ.

ಆ ದಿನಗಳಲ್ಲೇ ಯಶವಂತಪುರದ ಮಾರುಕಟ್ಟೆ ಹತ್ತಿರದ ರದ್ದಿ ಅಂಗಡಿಯಲ್ಲಿ ವಿದೇಶಿ ಪತ್ರಿಕೆಯೊಂದು ಸಿಕ್ಕಿತು. ಅದರೊಳಗೆ ಮಡಚಿಟ್ಟ ಒಂದು ದೊಡ್ಡ ನಕ್ಷೆ, ಜೇನುಹಲ್ಲೆಯ ಹಾಗೆ ಆರು ಮೂಲೆಯ ಗೂಡುಗಳು ಅದರ ತುಂಬ. ಜೊತೆಗೆ ಹದಿನಾರು ಪುಟದ ನಿಯಮಗಳು. ಯೂರೋಪಿನ ಹಳೆಯ ಯುದ್ಧವನ್ನು ಇಬ್ಬರು ಮೇಜಿನ ಮೇಲೆ ಮತ್ತೆ ಆಡುವ ಆಟ ಅದು. ಒಬ್ಬ ವಿಮಾನ ಕಳಿಸಬೇಕು, ಇನ್ನೊಬ್ಬ ಕಾಯಬೇಕು. ಕಾಯಿಗಳು ಯಾವಾಗಲೋ ಕಳೆದುಹೋಗಿದ್ದವು. ಬೆಂಕಿಪೊಟ್ಟಣದ ರಟ್ಟು ಕತ್ತರಿಸಿ ನಾನೇ ಮಾಡಿಕೊಂಡೆ. ಜೊತೆಗಾರನಿರಲಿಲ್ಲವಲ್ಲ, ಎರಡೂ ಕಡೆ ನಾನೇ. ಟ್ರಂಕಿನ ಮೇಲೆ ಕೂತು ಬಾಂಬು ಹಾಕುವುದು, ಎದ್ದು ಹೋಗಿ ಮಂಚದ ಮೇಲೆ ಕೂತು ಬಾಂಬು ಹಾಕಿದವನಿಗೆ ಬೈಯುವುದು. ಭಾನುವಾರ ಮಾತಾಡಿದ ಹಾಗೂ ಆಯಿತು.

ಆಟದಲ್ಲಿ ಬಾಂಬು ಹಾಕುವ ನಿಯಮ ಸುಲಭವಾಗಿತ್ತು. ಹಗಲು ಎತ್ತರದಿಂದ ಹಾಕಿದರೆ ದಾಳದಲ್ಲಿ ಐದು ಅಥವಾ ಆರು ಬೀಳಬೇಕು. ನೆಲಕ್ಕೆ ಹತ್ತಿರ ಹಾರಿ ಹಾಕಿದರೆ ನಾಲ್ಕು ಬಿದ್ದರೂ ಸಾಕು, ಆದರೆ ಕೆಳಗಿನ ಫಿರಂಗಿಗಳಿಗೆ ಎರಡು ಸಲ ದಾಳ ಹಾಕುವ ಹಕ್ಕು. ರಾತ್ರಿಯಾದರೆ ಒಂದು ಅಂಕ ಕಳೆಯಬೇಕು. ನನಗೆ ಇದೆಲ್ಲ ವೇದವಾಕ್ಯ. ಅಚ್ಚು ಮಾಡಿದವರು ತಿಳಿದೇ ಮಾಡಿರುತ್ತಾರೆ ಎಂದುಕೊಂಡಿದ್ದೆ.

ಒಂದು ವರ್ಷದಲ್ಲಿ ನಕ್ಷೆ ಮಡಿಕೆಗಳಲ್ಲಿ ಹರಿದುಹೋಯಿತು. ಕಾಣದ ಊರುಗಳ ಹೆಸರು ಹೇಳಿಕೊಂಡು ಆಡಿ ಬೇಜಾರೂ ಆಗಿತ್ತು. ಕಾರ್ಖಾನೆಯಿಂದ ಅಂಚು ಹರಿದು ಬಿಸಾಕಿದ್ದ ಟ್ರೇಸಿಂಗ್ ಹಾಳೆ ಕೇಳಿ ತಂದು, ನಮ್ಮ ಈ ಸೀಮೆಯನ್ನೇ ಬರೆದೆ. ಮೇಲೆ ಯಲಹಂಕದ ಕೆರೆ ಮತ್ತು ರೈಲು ಜಂಕ್ಷನ್, ಕೆಳಗೆ ಬರುತ್ತಾ ಜಕ್ಕೂರು, ಅಮೃತಹಳ್ಳಿ ಮತ್ತು ಅದರ ಕೆರೆ, ಅಲ್ಲಿಂದ ಎರಡು ಗೂಡು ಪಶ್ಚಿಮಕ್ಕೆ ನಮ್ಮ ಕೊಡಿಗೇಹಳ್ಳಿ ಮತ್ತು ಊರ ಕೆರೆ, ಇನ್ನೂ ಕೆಳಗೆ ಹೆಬ್ಬಾಳ ಕೆರೆ, ಎಡ ಅಂಚಿನಲ್ಲಿ ಯಶವಂತಪುರ, ಮಾಕಳಿ. ಒಂದು ಗೂಡು ಅಂದರೆ ಒಂದು ಮೈಲಿ. ಹೆಬ್ಬಾಳ ಕೆರೆಯಿಂದ ಪಶ್ಚಿಮಕ್ಕೆ ಎರಡು ಗೂಡು ದೂರದಲ್ಲಿ, ಬರೀ ಹೊಲಗಳಿದ್ದ ಕಡೆ, ಮದ್ದುಗುಂಡಿನ ಉಗ್ರಾಣವೊಂದನ್ನು ಕಲ್ಪಿಸಿಕೊಂಡೆ. ಅದೇ ಗುರಿ. ಮೂರು ತಿಂಗಳು ಹಿಡಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಗೆರೆ ಮತ್ತೆ ಎಳೆದಿಲ್ಲ.

ಮಾಲೀಕರ ತಮ್ಮ ನನ್ನ ಕೋಣೆಗೆ ಮೊದಲು ಬಂದದ್ದು ಹೋದ ಫ್ಯೂಸು ಹಾಕಿಕೊಡಲು. ಐವತ್ತರ ಆಸುಪಾಸು, ಒಣಗಿದ ಆಳು, ಮದುವೆಯಾಗಿರಲಿಲ್ಲ. ಹದಿನೈದು ವರ್ಷ ವಾಯುಪಡೆಯ ಸರಕು ಸಾಗಿಸುವ ದೊಡ್ಡ ವಿಮಾನಗಳಲ್ಲಿ ಕೆಲಸ ಮಾಡಿ, ನಿವೃತ್ತರಾಗಿ ಬಂದು, ಅಣ್ಣನ ಮನೆಯ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿದ್ದರು. ಊರಿಗೆಲ್ಲ ಅವರು ‘ಮಿಲ್ಟ್ರಿ’. ವಿಮಾನದವರು ಬೇರೆ, ಮಿಲಿಟರಿಯವರು ಬೇರೆ ಎಂದು ಯಾರಿಗೂ ಬಿಡಿಸಿ ಹೇಳುವ ಉಸಾಬರಿಗೆ ಅವರು ಹೋಗಿರಲಿಲ್ಲ. ನಾನು ನಮ್ಮ ಕಡೆಯ ರೂಢಿಯಂತೆ ಕಾಕಾ ಎಂದೆ. ಅವರಿಗೆ ನಗು ಬಂತು.

‘ನನ್ನ ಕಾಕಾ ಅನ್ನೋನು ನೀನೊಬ್ಬನೇ ಕಣಯ್ಯ’ ಎಂದು ಸ್ಟೂಲಿನಿಂದ ಇಳಿದವರು, ಮಂಚದ ಮೇಲೆ ಹರಡಿದ್ದ ನಕ್ಷೆ ನೋಡಿ ನಿಂತುಬಿಟ್ಟರು. ‘ಇದು ನಮ್ ಕೆರೆ ಅಲ್ವಾ? ಕೋಡಿ ತಪ್ಪು ಬರ್ದಿದ್ದೀಯ. ಈ ಕಡೆ ಐತೆ.’

ನನ್ನ ನಕ್ಷೆಯಲ್ಲಿ ತಪ್ಪೇ! ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕೆರೆ ಏರಿಯ ಮೇಲೆ ಪೂರ್ತಿ ನಡೆದು ನೋಡಿದೆ. ಕೋಡಿ ಅವರು ಹೇಳಿದ ಕಡೆಯೇ ಇತ್ತು. ಸಂಜೆ ಅರ್ಧ ಬ್ಲೇಡಿನಿಂದ ಶಾಯಿ ಕೆರೆದು ತೆಗೆದು, ಹೊಸದಾಗಿ ಬರೆದು, ಹಾಳೆ ಸುತ್ತಿಕೊಂಡು ಕೊಟ್ಟಿಗೆಯ ಕಡೆ ಹೋಗಿ ತೋರಿಸಿದೆ. ಅವರು ನಿಧಾನವಾಗಿ ನೋಡಿ, ‘ಇದ್ರಾಗೆ ಏನಾಡ್ತೀಯ?’ ಎಂದರು. ನಾನು ಉತ್ಸಾಹದಿಂದ ನಿಯಮಗಳನ್ನೆಲ್ಲ ಒಪ್ಪಿಸಿದೆ. ಕೆಳಗೆ ಹಾರಿದರೆ ಗುರಿ ಚೆನ್ನಾಗಿ ಸಿಗುತ್ತದೆ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದರು.

‘ಯಾವೋನು ಯೋಳ್ದೋನು?’

‘ಪುಸ್ತಕದಾಗ ಐತ್ರಿ.’

‘ನೀನು ಬಸ್ನಾಗೆ ಕಿಟ್ಕಿ ಪಕ್ಕ ಕುಂತ್ಕಳ್ತೀಯಲ್ಲ. ದೂರದ ಗುಡ್ಡ ಎಷ್ಟೊತ್ತು ಕಾಣ್ತದೆ?’

‘ಭಾಳ ಹೊತ್ತು.’

‘ರಸ್ತೆ ಪಕ್ಕದ ಬೇಲಿ?’

ಅವರು ಮುಂದುವರಿದರು. ‘ಕೆಳಕ್ಕೆ ಬಂದ್ರೆ ಎಲ್ಲಾ ಬೇಲಿನೇ. ಕಂಡ್ತು ಅನ್ನೋವೊತ್ಗೆ ಇಂದಕ್ಕೆ ಓಗಿರ್ತದೆ. ಫಿರಂಗಿಯೋನ್ಗೂ ಅಷ್ಟೇಯ, ತಲೆ ಮ್ಯಾಲೆ ಬರೋಗಂಟ ಗೊತ್ತಾಗಕಿಲ್ಲ. ಅವ್ನಿಗೆ ಎರಡು ಸಲ ದಾಳ ಯಾಕೆ? ಒಂದ್ಸಲ ಸಿಕ್ರೂ ಅವನ ಪುಣ್ಯ. ಇನ್ನು ರಾತ್ರಿ ಅಂದ್ರೆ ಒಂದು ಅಂಕ ಕಳ್ಯೋದಲ್ಲ ಕಣಯ್ಯ. ಮೊದ್ಲು ಜಾಗ ಸಿಕ್ತಾ ಅಂತ ಕೇಳು. ಆಮ್ಯಾಕೆ ಬಾಂಬು.’

ಹಾಗೆ ಶುರುವಾಯಿತು. ಮುಂದಿನ ಭಾನುವಾರ ಅವರೇ ಬಂದರು. ಬಂದವರು ಕಂಬಳಿ ತಂದಿದ್ದರು. ರಾತ್ರಿಯ ಆಟ ಬೆಳಕಿನಲ್ಲಿ ಆಡಿದರೆ ನಕ್ಷೆ ಓದುವುದರ ಕಷ್ಟ ತಿಳಿಯುವುದಿಲ್ಲ ಎಂದರು. ಕೆಂಪು ಬೆಳಕಿನಲ್ಲಿ ಮಾತ್ರ ಕಣ್ಣು ಕತ್ತಲೆಗೆ ಒಗ್ಗಿಕೊಂಡಿರುತ್ತದಂತೆ. ಅಂದು ನಾನು ಒಂದು ವಿಚಿತ್ರ ಕಂಡುಕೊಂಡೆ. ಕೆಂಪು ಟಾರ್ಚಿನ ಬೆಳಕಿನಲ್ಲಿ ನಕ್ಷೆಯ ಮೇಲೆ ನಾನು ಕೆಂಪು ಶಾಯಿಯಲ್ಲಿ ಎಳೆದಿದ್ದ ರಸ್ತೆಗಳೆಲ್ಲ ಮಾಯವಾಗಿದ್ದವು! ಕರೀ ಶಾಯಿಯ ಕೆರೆ ಮತ್ತು ರೈಲು ದಾರಿ ಮಾತ್ರ ಉಳಿದಿದ್ದವು. ಕಾಕಾ ನಕ್ಕರು. ನಿಜದಲ್ಲೂ ಹಾಗೇ, ರಾತ್ರಿ ಮೇಲಿನಿಂದ ಕಾಣುವುದು ನೀರು ಮತ್ತು ಕಬ್ಬಿಣ ಎರಡೇ ಎಂದರು.

‘ಎಪ್ಪತ್ತೊಂದ್ರ ಯುದ್ಧದಾಗೆ ಇಲ್ಲೆಲ್ಲ ಕಿಟ್ಕಿಗೆ ಕರೀ ಪೇಪರ್ ಅಂಟಿಸ್ಕೊಂಡಿದ್ರಂತೆ. ನಮ್ಮತ್ತಿಗೆ ಒಲೆಗೂ ಗೋಣೀತಾಟು ಮುಚ್ಚಿದ್ಲಂತೆ. ಸರಿ, ಲೈಟು ಮುಚ್ತೀರ. ಕೆರೆ ಎಂಗ್ ಮುಚ್ತೀರ? ಬೆಳದಿಂಗ್ಳು ಬಿದ್ರೆ ತಟ್ಟೆ ತಟ್ಟೆ ಇಟ್ಟಂಗೆ ಕಾಣ್ತಾವೆ.’

ಆರು ತಿಂಗಳಲ್ಲಿ ನಾವು ಆ ಹದಿನಾರು ಪುಟಗಳನ್ನು ಹಿಂದುಮುಂದು ಮಾಡಿಬಿಟ್ಟೆವು. ಪಂಚಾಂಗ ನೋಡಿ ತಿಥಿ ಇಡುತ್ತಿದ್ದೆವು. ಹುಣ್ಣಿಮೆಯಾದರೆ ಕೆರೆ ಕಾಣುತ್ತದೆ, ಅಮಾವಾಸ್ಯೆಯಾದರೆ ಸ್ಟೇಷನ್ನಿನ ಕಂದೀಲೇ ಗತಿ. ಗಾಳಿಗೆ ಒಂದು ದಾಳ. ತೀರ ಕೆಳಗೆ ಹಾರಿ ಹಾಕಿದರೆ ಬಾಂಬು ತಡವಾಗಿ ಸಿಡಿಯಬೇಕು, ಇಲ್ಲದಿದ್ದರೆ ಹಾಕಿದವರೇ ಹೋಗುತ್ತಾರೆ. ಅದಕ್ಕೊಂದು ನಿಯಮ. ಹೊಸ ನಿಯಮವನ್ನೆಲ್ಲ ನಾನು ಕಾರ್ಖಾನೆಯ ಅಕ್ಷರದಲ್ಲಿ ಬರೆದು ನಂಬರು ಹಾಕುತ್ತಿದ್ದೆ. ಜಗಳಗಳೂ ಆಗುತ್ತಿದ್ದವು. ಒಮ್ಮೆ ಗಾಳಿಯ ದಿಕ್ಕಿನ ವಿಷಯಕ್ಕೆ ಎರಡು ಗಂಟೆ ವಾದ ಮಾಡಿ, ಕೊನೆಗೆ ಇಬ್ಬರೂ ಹೊರಗೆ ಹೋಗಿ ಒಣಗಿದ ರಾಗಿ ಹೊಟ್ಟು ತೂರಿ ನೋಡಿದೆವು. ಮಾಲೀಕರ ಹೆಂಡತಿ ಪೊರಕೆ ಹಿಡಿದು ಬಂದರು. ಅಷ್ಟು ನಕ್ಕದ್ದು ಊರು ಬಿಟ್ಟ ಮೇಲೆ ಅದೇ ಮೊದಲು.

ಮುಖ್ಯವಾದ ನಿಯಮವನ್ನು ಕಾಕಾ ತಡವಾಗಿ ತಂದರು. ಬಾಂಬು ಹಾಕಿದವನಿಗೆ ಫಲಿತಾಂಶ ಗೊತ್ತಾಗಬಾರದು.

‘ದಾಳ ಆಕ್ತೀವಿ, ಆರು ಬಿತ್ತು, ಕುಣೀತೀವಿ. ಅಂಗಿರಕಿಲ್ಲ. ಕೆಳಗೆ ಬೆಂಕಿ ಕಾಣ್ತದೆ, ಅಷ್ಟೇಯ. ಯಾವ ಬೆಂಕಿ ಅಂತ ಯಾರ್ಗ್ ಗೊತ್ತು? ನೀನು ಆಕು ದಾಳ, ಮರೇಲಿ ಆಕು. ಬರ್ದು ಮಡಿಕ್ಕೋ. ನಂಗೆ ಯೋಳ್ಬೇಡ.’

ಅದಕ್ಕೆ ತಕ್ಕ ವ್ಯವಸ್ಥೆ ಮಾಡಿದೆ. ಮೂಲ ನಕ್ಷೆ ಅವರ ಮುಂದೆ. ಕಾರ್ಖಾನೆಯಲ್ಲಿ ಅಮೋನಿಯಾ ಯಂತ್ರದಲ್ಲಿ ತೆಗೆಸಿದ ಒಂದು ಪ್ರತಿ ನನ್ನ ಮುಂದೆ. ನಡುವೆ ಅಡ್ಡಲಾಗಿ ರಟ್ಟು. ಅವರು ಯಾವ ದಾರಿ, ಎಷ್ಟು ಎತ್ತರ, ಯಾವ ಕೆರೆ ದಾಟಿ ಎಲ್ಲಿ ತಿರುಗುವುದು ಎಲ್ಲ ಮೊದಲೇ ಹೇಳಬೇಕು. ಅವರು ಕೆರೆಯನ್ನು ಸರಿಯಾಗಿ ಗುರುತಿಸಿದರೋ, ಒಂದು ಕೆರೆಯನ್ನು ಇನ್ನೊಂದು ಅಂದುಕೊಂಡರೋ, ಗಾಳಿ ಎಷ್ಟು ತಳ್ಳಿತು ಎಂದು ನಾನು ರಟ್ಟಿನ ಈಚೆ ದಾಳ ಹಾಕಿ, ಬಾಂಬು ಬಿದ್ದ ಗೂಡನ್ನು ಚೀಟಿಯಲ್ಲಿ ಬರೆದು, ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಗೂಟದ ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆ. ತಿಂಗಳ ಕೊನೆಗೆ ಎಲ್ಲ ತೆರೆದು ನೋಡುವುದು ಎಂದು ಮಾತಾಗಿತ್ತು. ತಿಂಗಳ ಕೊನೆ ಬಂದಾಗ ಕಾಕಾ ‘ಇರ್ಲಿ ಬಿಡು, ಮುಂದಿನ ತಿಂಗ್ಳು’ ಎಂದರು. ಮುಂದಿನ ತಿಂಗಳೂ ಅದೇ ಮಾತು. ಹಲಗೆಯ ಮೇಲೆ ಬೆಂಕಿಪೊಟ್ಟಣಗಳ ಗೋಡೆಯೇ ಎದ್ದಿತು.

ಈ ನಿಯಮದಿಂದ ನನಗಾದ ಲಾಭ ಏನೆಂದರೆ ಇನ್ನು ಈ ಆಟವನ್ನು ಒಬ್ಬನೇ ಆಡುವ ಹಾಗಿರಲಿಲ್ಲ. ಗೊತ್ತಿರುವವನೊಬ್ಬ, ಗೊತ್ತಿಲ್ಲದವನೊಬ್ಬ ಬೇಕೇ ಬೇಕು. ಕಾಕಾ ಬಾರದಿದ್ದರೆ ಆಟವಿಲ್ಲ, ಆಟವಿಲ್ಲದಿದ್ದರೆ ಕಾಕಾ ಬರುವುದಿಲ್ಲ. ಶನಿವಾರ ರಾತ್ರಿ ಅವರಿಗೆ ಕೆಮ್ಮು ಬಂದದ್ದು ಕೇಳಿಸಿದರೆ ನನಗೆ ನಿದ್ದೆ ಹಾರುತ್ತಿತ್ತು. ಅವರ ಆರೋಗ್ಯದ ಚಿಂತೆಯಲ್ಲ ಅದು, ನನ್ನ ಭಾನುವಾರದ ಚಿಂತೆ. ಈಗ ಬರೆಯುವಾಗ ಹೇಸಿಗೆ ಎನಿಸುತ್ತದೆ, ಆದರೆ ಇದ್ದದ್ದು ಹಾಗೆಯೇ.

ಕಷ್ಟವೂ ಇತ್ತು. ತಪ್ಪು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನಕ್ಕೆ ಒಗ್ಗುವುದಲ್ಲ. ಕಾಕಾ ಉತ್ತರದಿಂದ ದಕ್ಷಿಣಕ್ಕೆ ಹಾರಿ ಬರುತ್ತಿದ್ದರು. ಯಲಹಂಕ ಕೆರೆ ದಾಟಿ, ಹೆಬ್ಬಾಳ ಕೆರೆ ಕಂಡೊಡನೆ ಬಲಕ್ಕೆ ತಿರುಗಿ, ಎರಡು ಗೂಡು ಹೋಗಿ ಹಾಕುವುದು. ನಾಲ್ಕು ಸಲಕ್ಕೆ ಒಂದು ಸಲ ಉಗ್ರಾಣ ಸಿಗುತ್ತಿತ್ತು. ಮಿಕ್ಕವು ಹೊಲಕ್ಕೋ, ತೋಪಿಗೋ, ನೀರಿಗೋ. ಅವರು ಮಾತ್ರ ಪ್ರತಿ ಸಲವೂ ‘ಆಯ್ತು’ ಎಂದು ಕೈ ಒರೆಸಿಕೊಂಡು, ಕಂಬಳಿ ಬಿಚ್ಚಿ, ನಾನು ಮಾಡಿಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು.

ಎರಡನೆಯ ವರ್ಷದ ಒಂದು ಭಾನುವಾರ, ಪಂಚಾಂಗದ ಪ್ರಕಾರ ಚೌತಿಯ ಮಸುಕು ಬೆಳದಿಂಗಳು, ಕಾಕಾ ಎಂದಿನಂತೆ ಬಂದರು. ನಾನು ರಟ್ಟಿನ ಈಚೆ ದಾಳ ಹಾಕಿದೆ. ಒಂದು ಬಿತ್ತು. ಅಂದರೆ ಅಮೃತಹಳ್ಳಿಯ ಕೆರೆಯನ್ನೇ ಹೆಬ್ಬಾಳ ಎಂದು ತಿಳಿದು ಮೊದಲೇ ತಿರುಗಿಬಿಟ್ಟರು. ಅಲ್ಲಿಂದ ಪಶ್ಚಿಮಕ್ಕೆ ಎರಡು ಗೂಡು ಎಣಿಸಿದೆ. ಗಾಳಿಯ ದಾಳ ಹಾಕಿದೆ, ಗಾಳಿ ಇಲ್ಲ. ಕೊಡಿಗೇಹಳ್ಳಿ.

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಉಕ್ಕಿತು. ಚೀಟಿ ಬರೆಯುವ ಬದಲು ಕೆಂಪು ಶಾಯಿಯ ಪೆನ್ನು ಎತ್ತಿಕೊಂಡೆ. ರಟ್ಟು ಸರಿಸಿದೆ. ಕಾಕಾ ಮುಂದೆ ಇದ್ದ ಮೂಲ ನಕ್ಷೆಯಲ್ಲಿ, ಕೊಡಿಗೇಹಳ್ಳಿಯ ಗೂಡಿಗೆ, ಅದರಲ್ಲೂ ನಾನೇ ಪುಟ್ಟದಾಗಿ ಗುರುತು ಮಾಡಿದ್ದ ನಮ್ಮ ಮನೆಗೆ ಒಂದು ಸುತ್ತು ಹಾಕಿದೆ. ಕೆಂಪು ಟಾರ್ಚಿನಲ್ಲಿ ಅದು ಕಾಣಿಸದು ಎಂದು ನೆನಪಾಗಿ, ಎದ್ದು ಕಂಬಳಿ ಎಳೆದೆ. ಬಿಸಿಲು ಬಿತ್ತು.

‘ನೋಡ್ರಿ ಕಾಕಾ, ನಿಮ್ಮ ಮನಿ ಮ್ಯಾಲೇ ಹಾಕೀರಿ!’

ಅವರು ನಗುತ್ತಾರೆ ಅಂದುಕೊಂಡಿದ್ದೆ. ಅವರು ಆ ಸುತ್ತನ್ನು ನೋಡುತ್ತ ಕೂತರು. ಹೊರಗೆ ಅವರ ಅತ್ತಿಗೆ ಮೊಮ್ಮಗುವಿಗೆ ಏನೋ ಹೇಳಿ ತುತ್ತು ತಿನ್ನಿಸುತ್ತಿದ್ದುದು ಕೇಳುತ್ತಿತ್ತು.

‘ಯಾವ ಕೆರೆ ತಪ್ಪಿದ್ದು?’ ಎಂದರು.

‘ಅಮೃತಹಳ್ಳೀದು.’

‘ನಿಂಗೆ ಯೋಳ್ಬೇಡ ಅಂದಿದ್ನಲ್ಲಯ್ಯ’ ಎಂದು ಎದ್ದರು. ಸಿಟ್ಟಿನ ದನಿಯಲ್ಲ. ಕಂಬಳಿ ಮಡಚಿ ಕಂಕುಳಲ್ಲಿಟ್ಟುಕೊಂಡು, ಚಹಾ ಕುಡಿಯದೆ ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ನಾನು ಮೊದಮೊದಲು ಬಿಗುಮಾನ ಮಾಡಿದೆ. ಆಟದಲ್ಲಿ ಸೋತವರು ಮುನಿಸಿಕೊಳ್ಳುವುದು ಮಕ್ಕಳ ಬುದ್ಧಿ, ನನ್ನ ಲೆಕ್ಕದಲ್ಲಿ ತಪ್ಪೇನಿದೆ ಎಂದು ಸ್ಟವ್‌ಗೆ ಹೇಳಿದೆ. ಮೂರನೆಯ ವಾರ ಒಬ್ಬನೇ ಆಡಲು ಕೂತೆ. ಟ್ರಂಕಿನ ಮೇಲೆ ಕೂತು ದಾಳ ಹಾಕಿ, ಅದರ ಮೇಲೆ ಲೋಟ ಬೋರಲು ಹಾಕಿ, ಮಂಚಕ್ಕೆ ಹೋಗಿ ಕೂತೆ. ಲೋಟದ ಒಳಗಿರುವುದು ಏನೆಂದು ನನಗೆ ಗೊತ್ತಿತ್ತು. ಹಾಕಿದವನೂ ನಾನೇ, ಮುಚ್ಚಿದವನೂ ನಾನೇ. ಮಂಚದ ಮೇಲೆ ಹಾಗೇ ಕತ್ತಲಾಗುವವರೆಗೂ ಕೂತಿದ್ದೆ. ಅತ್ತುಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಆದರೆ ಅಳು ಬರಲಿ ಎಂದು ಕಾದದ್ದು ನಿಜ.

ಎರಡು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಅವರು ಕೆರೆ ಏರಿಯ ಮೇಲೆ ಬೀಡಿ ಸೇದುತ್ತ ಕೂತದ್ದು ಕಂಡಿತು. ಬಸ್ಸು ತಪ್ಪಿದರೆ ತಪ್ಪಲಿ ಎಂದು ಹೋಗಿ ಪಕ್ಕದಲ್ಲಿ ಕೂತೆ. ಜಕ್ಕೂರಿನ ಕಡೆಯಿಂದ ಪುಟ್ಟ ವಿಮಾನವೊಂದು ಎದ್ದು ಗಿರಕಿ ಹೊಡೆಯುತ್ತಿತ್ತು. ನನ್ನ ಸಣ್ಣಬುದ್ಧಿ, ತಪ್ಪಾಯಿತು ಎನ್ನುವ ಬದಲು ‘ಆಟ ಬ್ಯಾಡಾತೇನ್ರಿ ಕಾಕಾ?’ ಎಂದು ಕೇಳಿದೆ.

ಅವರು ಬೀಡಿಯನ್ನು ಏರಿಯ ಕಲ್ಲಿಗೆ ಒತ್ತಿ ಆರಿಸಿದರು. ಆಮೇಲೆ ನೀರಿನ ಕಡೆ ನೋಡುತ್ತಲೇ ಹೇಳಿದರು. ಆ ಎಪ್ಪತ್ತೊಂದರ ಯುದ್ಧದಲ್ಲಿ ಸರಕಿನ ವಿಮಾನದಲ್ಲೇ ಬಾಂಬು ತುಂಬಿದ್ದರಂತೆ. ಅವರ ಜಾಗ ಹಿಂಭಾಗದಲ್ಲಿ. ಹಿಂದಿನ ಬಾಗಿಲು ತೆರೆದೇ ಇರುತ್ತಿತ್ತು. ಮುಂದಿನಿಂದ ದೀಪದ ಸೂಚನೆ ಬಂದೊಡನೆ ನಾಲ್ವರು ಸೇರಿ, ಉರುಳೆಗಳ ಮೇಲಿದ್ದ ಬಾಂಬುಗಳನ್ನು ಕೈಯಾರೆ ತಳ್ಳಬೇಕು.

‘ಅಂಗೈಗೆ ತಣ್ಣಗೆ ತಾಕೋದು. ಅಷ್ಟೇಯ ನಂಗೊತ್ತಿರೋದು. ಒಂದು ರಾತ್ರಿ ವಾಪಸ್ ಬರೋವಾಗ ಮುಂದುಗಡೆಯೋರು ಮಾತಾಡ್ಕಂತಿದ್ರು, ಮ್ಯಾಪಲ್ಲಿ ಕೆರೆ ಎರಡು ಐತಲ್ಲಾ ಅಂತ. ಆಮೇಲೆ ಆ ಮಾತು ಯಾರೂ ಎತ್ಲಿಲ್ಲ. ನಾನೂ ಕೇಳ್ಲಿಲ್ಲ. ಸರಿಯಾಗೇ ಬಿದ್ದಿರ್ಬೋದು. ಇಲ್ದೇನೂ ಇರ್ಬೋದು.’

‘ಬೆಂಕಿ ಕಂಡಿತ್ತೇನ್ರಿ?’

‘ಕಂಡ್ತು.’

ಎರಡು ವರ್ಷ ಅವರನ್ನು ಎದುರಿಗೆ ಕೂರಿಸಿಕೊಂಡು ಗಾಳಿ ಎಷ್ಟು, ಎತ್ತರ ಎಷ್ಟು, ಬಾಂಬು ಎಷ್ಟು ತಡವಾಗಿ ಸಿಡಿಯಬೇಕು ಎಂದು ಕೇಳಿ ಕೇಳಿ ಬರೆದುಕೊಂಡಿದ್ದೆ. ಇದನ್ನೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಂದು ದಿನವೂ ಕೇಳಿರಲಿಲ್ಲ. ನನಗೆ ಆಟ ನಿಜದ ಹಾಗಿರಬೇಕಿತ್ತು, ನಿಜವೇ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತದ್ದು ಕಂಡಿರಲಿಲ್ಲ. ನನ್ನ ಮೇಲೆ ನನಗೇ ರೇಗಿತು.

ಅಂದು ಕೆಲಸಕ್ಕೆ ಹೋಗಲಿಲ್ಲ. ಕೋಣೆಗೆ ಬಂದು ನಕ್ಷೆ ಹಾಸಿ, ಅರ್ಧ ಬ್ಲೇಡು ತೆಗೆದುಕೊಂಡು, ಆ ಕೆಂಪು ಸುತ್ತನ್ನು ಕೆರೆಯಲು ಕೂತೆ. ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಬ್ಲೇಡಿನ ಮೂಲೆಯಿಂದ ಎಳೆಎಳೆಯಾಗಿ ಕೆರೆದು ತೆಗೆಯಬೇಕು. ಹಾಳೆ ತೂತಾಗಬಾರದು. ಮಧ್ಯಾಹ್ನದ ಹೊತ್ತಿಗೆ ಕೆಂಪು ಪೂರ್ತಿ ಹೋಯಿತು, ಜೊತೆಗೆ ನಮ್ಮ ಮನೆಯ ಪುಟ್ಟ ಗುರುತೂ ಹೋಯಿತು. ಹಾಳೆ ಸುತ್ತಿಕೊಂಡು ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಅವರ ಮುಂದೆ ಬಿಡಿಸಿದೆ.

‘ತಪ್ಪಾತ್ರಿ ಕಾಕಾ. ತೆಗೆದುಬಿಟ್ಟೇನಿ. ಏನೂ ಬಿದ್ದಿಲ್ಲ ಅಲ್ಲಿ.’

ಅವರು ನಕ್ಷೆಯ ಮೇಲೆ ಬೆರಳಾಡಿಸಿದರು. ಕೆರೆದ ಜಾಗ ಬಂದಾಗ ಬೆರಳು ನಿಂತಿತು. ಅಲ್ಲಿ ಹಾಳೆ ಒರಟಾಗಿತ್ತು.

‘ನೀನ್ ಯೋಳಿದ್ದು ತಪ್ಪಲ್ಲ ಕಣೋ. ನಂಗೆ ತಡಕೊಳ್ಳಕ್ಕಾಗ್ಲಿಲ್ಲ, ಅದು ಬೇರೆ. ಇಂಗೆ ಬಿತ್ತು ಅಂತ ಬಾಯ್ಬಿಟ್ಟು ಯೋಳ್ದೋನು ನೀನೊಬ್ಬ. ಅಲ್ಲಿ ಯಾರೂ ಯೋಳ್ಲಿಲ್ಲ.’ ಬೆರಳನ್ನು ಅಲ್ಲೇ ಒತ್ತಿ, ‘ವಾಪಸ್ ಆಕು ಅದನ್ನ’ ಎಂದರು.

‘ಏನು?’

‘ಆ ಕೆಂಪು. ಎಲ್ಲಿತ್ತೋ ಅಲ್ಲೇ ಆಕು.’

ಕೆರೆದ ಜಾಗದಲ್ಲಿ ಮತ್ತೆ ಶಾಯಿ ನಿಲ್ಲುವುದಿಲ್ಲ, ಹರಡುತ್ತದೆ ಎಂದು ಹೇಳಿದೆ. ಅದಕ್ಕೆ ಮೊದಲು ಕಲ್ಲಿನಿಂದ ಉಜ್ಜಿ ನುಣುಪು ಮಾಡಬೇಕು, ನಾಳೆ ಮಾಡಿಕೊಡುತ್ತೇನೆ ಎಂದೆ. ಅವರು ಈಗಲೇ ಎಂದರು. ಹೋಗಿ ಪೆನ್ನು ತಂದೆ. ಸಣ್ಣ ಸುತ್ತು ಎಳೆದೆ. ಎಳೆದದ್ದೇ ತಡ, ಶಾಯಿ ಒರಟು ಹಾಳೆಯಲ್ಲಿ ಇಳಿದು ಎಲ್ಲ ಕಡೆಗೂ ಓಡಿತು. ಮನೆ ದಾಟಿತು, ಬೀದಿ ದಾಟಿತು, ಕೆರೆಯ ಅಂಚಿಗೆ ಹೋಗಿ ನಿಂತಿತು. ಒತ್ತು ಕಾಗದ ಹುಡುಕಿ ನಾನು ಜೇಬು ತಡಕಾಡುತ್ತಿದ್ದರೆ ಅವರು ಕೈ ಹಿಡಿದರು.

‘ಬಿಡು. ಅಷ್ಟೇ ಅಗ್ಲ ಬೀಳ್ತದೆ’ ಎಂದರು.

ಮುಂದಿನ ಭಾನುವಾರ ಕಾಕಾ ಬಂದರು. ಕಂಬಳಿ ತಂದಿರಲಿಲ್ಲ. ನಾನು ರೂಢಿಯಂತೆ ಕಿಟಕಿ ಮುಚ್ಚಲು ಎದ್ದೆ. ತೆಗೆದೇ ಇರಲಿ ಎಂದರು. ಇಬ್ಬರೂ ಬೆಳಕಿನಲ್ಲಿ ಕೂತೆವು. ಎರಡು ವರ್ಷ ಕತ್ತಲೆಯಲ್ಲಿ ಅಷ್ಟೊಂದು ಮಾತಾಡಿದ್ದ ನಮಗೆ ಬೆಳಕಿನಲ್ಲಿ ಒಂದು ಮಾತು ಸಿಗಲಿಲ್ಲ. ನಮ್ಮ ಊರ ಕಡೆಯ ಮಳೆ ಬೆಳೆ ಕೇಳಿದರು. ಹೇಳಿದೆ. ಚಹಾ ಕುಡಿದರು. ಹಾಗೆ ನಾಲ್ಕೈದು ಭಾನುವಾರ ಬಂದರು. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಬಾಗಿಲಲ್ಲಿ ನಿಂತು ‘ಏನಪ್ಪಾ, ಸೆಂದಾಗಿದ್ದೀಯಾ?’ ಎಂದು ಹೋಗುವುದಷ್ಟೇ ಉಳಿಯಿತು. ಮುನಿಸು ಏನೂ ಇರಲಿಲ್ಲ, ನನ್ನನ್ನು ಕಂಡರೆ ಅವರಿಗೆ ಆ ರಾತ್ರಿ ನೆನಪಾಗುತ್ತಿತ್ತು ಎಂದು ಕಾಣುತ್ತದೆ. ಬರುವಂತೆ ಒತ್ತಾಯಿಸಲು ನನಗೆ ಮುಖವಿರಲಿಲ್ಲ.

ಎಂಬತ್ನಾಲ್ಕರಲ್ಲಿ ನಾನು ಆರ್.ಟಿ. ನಗರಕ್ಕೆ ಮನೆ ಬದಲಿಸಿದೆ. ಹೊರಡುವ ದಿನ ಹಲಗೆಯ ಮೇಲಿನ ಬೆಂಕಿಪೊಟ್ಟಣಗಳನ್ನು ಗೋಣಿಚೀಲಕ್ಕೆ ತುಂಬಿ ಕಾಕಾ ಕೋಣೆಗೆ ಒಯ್ದೆ. ಇವುಗಳಲ್ಲಿ ಎಲ್ಲ ಇದೆ, ನೋಡಿದರೂ ನೋಡಬಹುದು, ಒಲೆಗೆ ಹಾಕಿದರೂ ಹಾಕಬಹುದು ಎಂದೆ. ಅವರು ಚೀಲದ ಬಾಯಿ ಕಟ್ಟಿ ಮಂಚದ ಕೆಳಗೆ ತಳ್ಳಿದರು. ಎರಡು ಅಂಗೈಗಳಿಂದ, ಬಗ್ಗಿ, ನಿಧಾನವಾಗಿ ತಳ್ಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೂರು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ, ತೀರಿಕೊಂಡು ತಿಂಗಳಾದ ಮೇಲೆ ಗೊತ್ತಾಯಿತು. ಹೋಗಿ ಅವರ ಅತ್ತಿಗೆಯನ್ನು ಮಾತಾಡಿಸಿದೆ. ಚೀಲ ಮಂಚದ ಕೆಳಗೇ ಇತ್ತಂತೆ, ಕಟ್ಟಿದ ಗಂಟು ಬಿಚ್ಚಿರಲಿಲ್ಲವಂತೆ, ಅತ್ತಿಗೆಯೇ ಬಿಚ್ಚಿ ನೀರೊಲೆಗೆ ಹಾಕಿದರಂತೆ. ‘ಅದ್ರಾಗೆ ಕಡ್ಡಿನೇ ಇರ್ಲಿಲ್ವಲ್ಲಪ್ಪ, ಬರೀ ಚೀಟಿ. ಏನದು?’ ಎಂದು ಕೇಳಿದರು. ನಾನು ಆಟದ್ದು ಎಂದೆ.

ನಕ್ಷೆ ನನ್ನ ಹತ್ತಿರವೇ ಇದೆ. ನಿಯಮಗಳೂ ಇವೆ, ಒಟ್ಟು ಎಪ್ಪತ್ತೊಂದು, ಒಂದಕ್ಕಿಂತ ಒಂದು ಕರಾರುವಾಕ್ಕು. ಕಡೆಯ ನಿಯಮವನ್ನು ನಾನು ಆರ್.ಟಿ. ನಗರದ ಮನೆಗೆ ಬಂದ ಮೇಲೆ ಬರೆದೆ: ಬಾಂಬು ಬಿದ್ದದ್ದು ಒಂದು ಗೂಡಿಗೆ ಎಂದು ಎಣಿಸಬಾರದು, ಸುತ್ತಲಿನ ಆರು ಗೂಡುಗಳನ್ನೂ ಸೇರಿಸಬೇಕು. ಇಷ್ಟು ನಿಜವಾದ ಆಟವನ್ನು ಬೇರೆ ಯಾರೂ ಮಾಡಿರಲಾರರು. ಆಡಲು ಇನ್ನೊಬ್ಬರು ಬೇಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಮ್ಮೊಮ್ಮೆ ಹಾಸಿಕೊಂಡು ಕೂರುತ್ತೇನೆ, ಕಿಟಕಿ ತೆಗೆದೇ ಇರುತ್ತದೆ.